ಅಕ್ಷರವಿಲ್ಲದ ಕೀಲಿಮಣೆಗಳು

ಶಿಗ್ಗಾಂವದಲ್ಲಿ ನಾನು ಕಲಿಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಒಂದು ಕೀಲಿಮಣೆಯ ಮೇಲೂ ಅಕ್ಷರಗಳಿರಲಿಲ್ಲ. ಹೊಸದು ತಂದ ದಿನವೇ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಮಾಸ್ತರರು ಕಪ್ಪು ಟೇಪನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ಕೀಲಿ ಕೀಲಿಗೂ ಅಂಟಿಸಿಬಿಡುತ್ತಿದ್ದರು. ಕಣ್ಣು ಕೆಳಗಿಳಿದರೆ ಬೆರಳು ಕಲಿಯುವುದಿಲ್ಲ ಎಂಬುದು ಅವರ ನಂಬಿಕೆ. ಟೈಪ್‌ರೈಟರಿನ ಕಾಲದಲ್ಲಿ ಕಲಿಯುವವರ ಕೈಗಳ ಮೇಲೆ ಟವೆಲ್ ಹೊದಿಸುತ್ತಿದ್ದರಂತೆ. ಕಂಪ್ಯೂಟರ್ ಬಂದ ಮೇಲೆ ಟವೆಲ್ ಹೋಗಿ ಟೇಪ್ ಬಂತು.

ಅವರದು ಇನ್ನೊಂದು ಪದ್ಧತಿಯೂ ಇತ್ತು. ಪರೀಕ್ಷೆಗೆ ಹೋಗುವಾಗ ನಮ್ಮ ಯಂತ್ರವನ್ನು ನಾವೇ ಹೊತ್ತೊಯ್ಯಬೇಕು. ಹಿಂದೆ ಟೈಪ್‌ರೈಟರುಗಳನ್ನು ಗೋಣಿತಟ್ಟಿನಲ್ಲಿ ಸುತ್ತಿ ಟೆಂಪೊದಲ್ಲಿ ಹೇರಿಕೊಂಡು ಹೋಗುತ್ತಿದ್ದರು. ಪರರ ಯಂತ್ರದ ಕೀಲಿ ಬಿಗಿ, ರಿಬ್ಬನ್ ಒಣಗಿದ್ದು. ಅದಕ್ಕೇ ಈ ಎಚ್ಚರಿಕೆ. ಈಗ ಕೀಲಿಮಣೆಗಳನ್ನು ಅಕ್ಕಿಚೀಲದಲ್ಲಿ ಬೋರಲಾಗಿ ಒಂದರ ಮೇಲೊಂದು ಪೇರಿಸಿ, ಚೀಲದ ಬಾಯಿಗೆ ಸುತ್ತಳಿ ಕಟ್ಟಿ ಒಯ್ಯುತ್ತಿದ್ದರು. ಪರೀಕ್ಷಾ ಕೇಂದ್ರದವರು ನಗುತ್ತಿದ್ದರು, ಆದರೆ ತಡೆಯುತ್ತಿರಲಿಲ್ಲ. ಅವರ ಕೀಲಿಮಣೆಗಳಲ್ಲಿ ಅರ್ಧ ಕೈಕೊಡುತ್ತವೆಂದು ಅವರಿಗೂ ಗೊತ್ತಿತ್ತು.

ನಮ್ಮ ಕಡೆ ಕೀಲಿಮಣೆಯ ವಿಷಯದಲ್ಲಿ ಅಭಿಪ್ರಾಯವಿಲ್ಲದ ಮನುಷ್ಯ ಸಿಗುವುದು ಕಷ್ಟ. ಎದುರಿನ ಮೊಬೈಲ್ ಅಂಗಡಿಯವನು ದಿನಕ್ಕೊಮ್ಮೆಯಾದರೂ ಬಾಗಿಲಲ್ಲಿ ನಿಂತು ಕೆಣಕುತ್ತಿದ್ದ. "ಇನ್ನೂ ಕೀಲಿ ಕುಟ್ಟೋದು ಕಲಿಸಾಕತ್ತೀರೇನ್ರಿ? ಮೊಬೈಲ್ ಮುಂದ ಮಾತಾಡ್ರಿ, ಅದ ಬರಕೊಂತೈತಿ. ಕೈಬಟ್ಟ ಯಾಕ ಸವಸ್ತೀರಿ?" ಕಾಲೇಜಿನ ಹುಡುಗಿಯರಿಗೆ ಉಚ್ಚಾರದ ವಿನ್ಯಾಸವೇ ಬೇಕು: ಇಂಗ್ಲಿಷ್ ಕೆ ಒತ್ತಿದರೆ ಕನ್ನಡದ ಕ ಬರುವಂಥದ್ದು. ಮಾಸ್ತರರಿಗೆ ಹಳೆಯ ಟೈಪ್‌ರೈಟರ್ ವಿನ್ಯಾಸವೊಂದೇ ಸತ್ಯ. ಅದರಲ್ಲಿ ಕೈ ಬರೆಯುವ ಕ್ರಮದಲ್ಲೇ ಬೆರಳೂ ನಡೆಯುತ್ತದೆ: ಮೊದಲು ಅಕ್ಷರದ ಮೈ, ಆಮೇಲೆ ತಲೆಕಟ್ಟು, ಆಮೇಲೆ ಒತ್ತು. "ಉಚ್ಚಾರದ್ದಂದ್ರ ಇಂಗ್ಲಿಷ್‌ನವರ ಮನೀ ಕಟ್ಟೀ ಮ್ಯಾಲ ಕನ್ನಡ ಕುಂದರಿಸಿದಂಗ," ಎನ್ನುತ್ತಿದ್ದರು. ಆದರೂ ಹೊಟ್ಟೆಪಾಡಿಗಾಗಿ ಉಚ್ಚಾರದ ವಿನ್ಯಾಸ ಕಲಿಸಲು ನನ್ನನ್ನು ಇಟ್ಟುಕೊಂಡಿದ್ದರು.

ನಾನು ಎರಡನ್ನೂ ನಂಬುತ್ತಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿದ್ದೆ. ಅಲ್ಲಿ ಕಲಿತದ್ದರಲ್ಲಿ ಉಳಿದದ್ದು ಒಂದೇ ಮಾತು: ನೆನಪು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ, ತೆಗೆದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುವ ಗೋಡೆ. ಅದನ್ನು ನನ್ನ ಮೇಲೆಯೇ ಪರೀಕ್ಷಿಸಿಕೊಳ್ಳುವ ಚಟವೂ ಇತ್ತು. ವಾರಕ್ಕೊಂದು ವಿನ್ಯಾಸ ಹಾಕಿಕೊಳ್ಳುತ್ತಿದ್ದೆ, ನಾನೇ ಒಂದನ್ನು ಹೊಸೆದು ಕೆಲವು ತಿಂಗಳು ಬಳಸಿಯೂ ನೋಡಿದ್ದೆ. ಇದರಿಂದ ಆದ ಲಾಭವೆಂದರೆ ನನ್ನ ಸ್ವಂತ ಪಾಸ್‌ವರ್ಡನ್ನು ಬಾಯಲ್ಲಿ ಹೇಳಲು ಬಾರದಂತಾಯಿತು. ಬೆರಳು ಹೊಡೆಯುತ್ತಿತ್ತು. ಏನು ಹೊಡೆಯಿತೆಂದು ತಲೆಗೆ ಗೊತ್ತಾಗುತ್ತಿರಲಿಲ್ಲ.

ನಾವೆಲ್ಲ ಬಂಕಾಪುರದ ಅಕ್ಕ ಎನ್ನುತ್ತಿದ್ದ ಒಬ್ಬರು ನಮ್ಮಲ್ಲಿಗೆ ಸಂಜೆಯ ಹೊತ್ತು ಅಭ್ಯಾಸಕ್ಕೆ ಬರುತ್ತಿದ್ದರು. ಮದುವೆಗೆ ಮುಂಚೆ ಇದೇ ಮಾಸ್ತರರ ಬಳಿ ಟವೆಲ್ಲಿನಡಿಯಲ್ಲಿ ಕೈಯಿಟ್ಟು ಟೈಪ್‌ರೈಟರ್ ಕಲಿತವರು. ಶಿಗ್ಗಾಂವದ ತಹಶೀಲ್ದಾರ ಕಚೇರಿಯ ಎದುರಿಗೆ ಒಬ್ಬ ಬಾಂಡ್ ರೈಟರ್ ಬಳಿ ಖರೀದಿಪತ್ರ, ಆಸ್ತಿ ಪಾಲಿನ ವಾಟ್ನಿಪತ್ರಗಳನ್ನು ಹೊಡೆಯುತ್ತಿದ್ದರು. ಹಳೆಯ ವಿನ್ಯಾಸದಲ್ಲಿ ಆಕೆಯ ಬೆರಳು ಓಡುವಾಗ ಒಂದೇ ಸಮನೆ ಜಡಿಮಳೆಯ ಸದ್ದು. ಆದರೆ ಬಾಂಡ್ ರೈಟರ್ ಹೊಸ ಮೊಬೈಲ್ ಕೊಂಡಿದ್ದ. ಜಮೀನಿನ ಎಲ್ಲೆ ಹೇಳುವ ಚಕ್ಕುಬಂದಿಯನ್ನೆಲ್ಲ ಅದರ ಮುಂದೆ ಓದಿ ಹೇಳತೊಡಗಿದ್ದ. "ಇನ್ ಮ್ಯಾಲ ದಿನಾ ಬರೋದು ಬ್ಯಾಡವಾ, ಕೆಲಸ ಇದ್ದಾಗ ಫೋನ್ ಮಾಡ್ತೇನಿ" ಎಂದಿದ್ದನಂತೆ.

ಅದೇ ಹೊತ್ತಿಗೆ ಒಂದು ಸಹಕಾರಿ ಸಂಸ್ಥೆ ಟೈಪಿಸ್ಟರನ್ನು ಕರೆದಿತ್ತು. ಆಕೆ ಲಿಖಿತ ಪರೀಕ್ಷೆ ಪಾಸಾದರು. ಉಳಿದದ್ದು ಸವಣೂರಿನಲ್ಲಿ ನಡೆಯಬೇಕಿದ್ದ ಟೈಪಿಂಗ್ ಪರೀಕ್ಷೆ ಮಾತ್ರ. ಕೆಲಸ ಸಿಕ್ಕರೆ ಹಿರೇಕೆರೂರಿನ ಶಾಖೆ. ವಯಸ್ಸಿನ ಮಿತಿಯ ಅಂಚಿನಲ್ಲಿದ್ದರು. ಇದು ತಪ್ಪಿದರೆ ಮುಂದಿನ ಕರೆಗೆ ಅರ್ಜಿಯನ್ನೇ ಹಾಕುವಂತಿರಲಿಲ್ಲ.

"ಹಿರೇಕೆರೂರಂದ್ರ ದೂರ ಆತಲ್ರಿ ಅಕ್ಕಾರ," ಎಂದೆ ಒಮ್ಮೆ.

"ದೂರ ಆದ್ರ ಆಗ್ಲಿ ಬಿಡ್ರಿ ಸರ. ನನ್ನ ಹೆಸರಿಂದು ಒಂದು ಕುರ್ಚಿ ಇರತೈತಲ್ಲ. ಇಲ್ಲಿ ಗಿರಾಕಿ ಬಂದ್ರ ನಾ ಎದ್ದು ನಿಲ್ಲಬೇಕು, ಅವರು ನನ್ನ ಕುರ್ಚಿ ಮ್ಯಾಲ ಕುಂತು ಸಹಿ ಮಾಡ್ತಾರು."

ಉಚ್ಚಾರದ ವಿನ್ಯಾಸಕ್ಕೆ ಹೊರಳಿಸಲು ಕೆಲವು ದಿನ ಪ್ರಯತ್ನಿಸಿದೆವು. ಬೆರಳುಗಳು ಮುಗ್ಗರಿಸಿದವು. ಹಳೆಯದೂ ಕೆಡುವ ಲಕ್ಷಣ ಕಂಡಾಗ ನಿಲ್ಲಿಸಿದೆ. ಸಂಸ್ಥೆಯ ಪ್ರಕಟಣೆಯಲ್ಲಿ ಎರಡರಲ್ಲಿ ಯಾವುದಾದರೂ ನಡೆಯುತ್ತದೆ ಎಂದು ಸ್ಪಷ್ಟವಾಗಿತ್ತು. ನಮ್ಮಲ್ಲಿಂದ ಪರೀಕ್ಷೆಗೆ ಹೊರಟ ತಂಡದಲ್ಲಿ ಹಳೆಯದನ್ನು ಹಿಡಿದವರು ಆಕೆ ಒಬ್ಬರೇ.

ನಾನು ಮಾಸ್ತರರಿಗೆ ಹೇಳಿದೆ: ವಿನ್ಯಾಸ ಇರುವುದು ಕೀಲಿಮಣೆಯಲ್ಲಲ್ಲ, ಕಂಪ್ಯೂಟರಿನೊಳಗೆ. ಚೀಲ ಹೊತ್ತೊಯ್ದರೆ ಪ್ಲಾಸ್ಟಿಕ್ ಬರುತ್ತದೆ, ವಿನ್ಯಾಸ ಬರುವುದಿಲ್ಲ. ಮೊದಲೇ ಕೇಂದ್ರಕ್ಕೆ ಹೋಗಿ ನೋಡಿ ಬರೋಣ. ಹೀಗೆ ಹೇಳಿದೆನೆಂದು ನನ್ನ ನೆನಪು. ಹಾಗೆ ಹೇಳಲೇ ಇಲ್ಲವೆಂದು ಅವರ ನೆನಪು. ಅವರು ಆಕೆಗೆ ಹೇಳಿದ್ದಂತೂ ಇಬ್ಬರಿಗೂ ನೆನಪಿದೆ: "ಮಷೀನ್ ನಮ್ದ ಇರತೈತಿ ತಂಗಿ. ನೀ ಏನೂ ಅಂಜಬ್ಯಾಡ."

ಸವಣೂರಿನ ಕಾಲೇಜಿನ ಲ್ಯಾಬಿಗೆ ಬೆಳಿಗ್ಗೆ ಹೋದೆವು. ಗಂಟೆ ಹೊಡೆಯುವವರೆಗೆ ಒಳಗಿದ್ದು ಕೀಲಿಮಣೆ ಜೋಡಿಸಲು ಮಾಸ್ತರರಿಗೂ ನನಗೂ ಬಿಟ್ಟರು. ಪ್ರತಿ ಮೇಜಿನಲ್ಲೂ ಅವರದನ್ನು ಕಿತ್ತು ಕೆಳಗಿಡುವುದು, ನಮ್ಮದನ್ನು ಸಿಕ್ಕಿಸುವುದು. ಎಲ್ಲ ಮುಗಿದು ಪರೀಕ್ಷಾರ್ಥಿಗಳು ಕೂತು ಬೆರಳು ಸಡಿಲಿಸಿಕೊಳ್ಳುತ್ತಿದ್ದಾಗ ಬಂಕಾಪುರದ ಅಕ್ಕ ಕೈ ಎತ್ತಿದರು. ಹೋಗಿ ನೋಡಿದರೆ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳ ಸಾಲು. ಆಕೆ ಹೊಡೆದದ್ದು ಹಳೆಯ ಕ್ರಮದಲ್ಲಿ, ಯಂತ್ರ ಓದಿದ್ದು ಉಚ್ಚಾರದ ಕ್ರಮದಲ್ಲಿ.

"ಕೀಬೋರ್ಡ್ ನಮ್ದ ಐತಲ್ಲೋ!" ಎಂದರು ಮಾಸ್ತರರು. ಅವರ ದನಿಯಲ್ಲಿ ಅಷ್ಟು ಗಾಬರಿಯನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ.

ಕೇಂದ್ರದ ಮೇಲ್ವಿಚಾರಕರು ಬಂದರು. ಕೆಟ್ಟ ಮನುಷ್ಯರಲ್ಲ. ಬೆವರುತ್ತಿದ್ದರು, ಒಬ್ಬರೇ ಎಲ್ಲ ನೋಡಿಕೊಳ್ಳಬೇಕಿತ್ತು. ನಾನು ವಿವರಿಸಿದೆ: ಸೆಟ್ಟಿಂಗಿನಲ್ಲಿ ಹಳೆಯ ವಿನ್ಯಾಸ ಆರಿಸಿದರೆ ಸಾಕು, ಆದರೆ ಅದಕ್ಕೆ ಲ್ಯಾಬಿನ ಪಾಸ್‌ವರ್ಡ್ ಬೇಕು. ಪ್ರಕಟಣೆಯಲ್ಲಿ ಎರಡೂ ನಡೆಯುತ್ತದೆಂದು ಇದೆ.

"ಅದೇನೋ ಐತ್ರಿ. ಲಗೂನ ಮಾಡೋಣ್ರಿ," ಎಂದು ಅವರು ಬಾಗಿ ಕೈಚಾಚಿದವರು ಹಾಗೇ ನಿಂತರು. "ಇದರ ಮ್ಯಾಲ ಅಕ್ಷರ ಎಲ್ಲಿ ಹೋದ್ವು? ಇಲಿ ತಿಂದಾವೇನ್ರಿ?"

ಎಲ್ಲರೂ ನಕ್ಕರು. ಆಕೆಯೂ ನಕ್ಕರು.

ಆಮೇಲೆ ಯಾರೋ ಪಾಸ್‌ವರ್ಡ್ ಹೊಡೆದರು. ಸೆಟ್ಟಿಂಗ್ ತೆರೆಯಿತು. ಮೌಸ್ ಹಿಡಿದು ಹಳೆಯ ವಿನ್ಯಾಸ ಆರಿಸಿದ್ದು ನಾನು, ಅದರಲ್ಲಿ ಅನುಮಾನವಿಲ್ಲ. ಆಕೆ ಒಂದು ಸಾಲು ಹೊಡೆದು ತಲೆಯಾಡಿಸಿದರು. ಗಂಟೆಯಾಯಿತು, ನಾವು ಹೊರಗೆ ಬಂದೆವು.

ಪರೀಕ್ಷೆ ಮುಗಿದಾಗ ಮಾಸ್ತರರು ಒಳಹೋಗಿ ಕೀಲಿಮಣೆಗಳನ್ನು ಕಿತ್ತು ಚೀಲಕ್ಕೆ ತುಂಬಿಕೊಂಡು ಬಂದರು. ಆಕೆ ಹೊರಬಂದವರೇ, "ಸರ, ಮುಗಿಸಿದ ಮ್ಯಾಲ ಮತ್ತೊಮ್ಮೆ ಓದೇ ಎದ್ದೆ" ಎಂದರು. ಮಾಸ್ತರರು ಎಲ್ಲರಿಗೂ ಆ ಊರಿನ ಹೆಸರುವಾಸಿ ತಿಂಡಿ ಸವಣೂರ ಖಾರ ಕೊಡಿಸಿದರು. ಆ ಚೀಲವನ್ನು ಇನ್‌ಸ್ಟಿಟ್ಯೂಟಿನ ಅಟ್ಟಕ್ಕೆ ಎಸೆದು ಬೀಗ ಹಾಕಿದೆವು. ಮುಂದಿನ ತಂಡ ಸೇರುವವರೆಗೆ ಅದರ ಅಗತ್ಯವಿರಲಿಲ್ಲ.

ಫಲಿತಾಂಶದಲ್ಲಿ ಆಕೆಯ ಹೆಸರು ಮೇಲೇ ಇತ್ತು, ಆದರೆ ಪಕ್ಕದಲ್ಲಿ 'ತಡೆಹಿಡಿಯಲಾಗಿದೆ' ಎಂದು ಬರೆದಿತ್ತು. ನಪಾಸಾದ ಯಾರೋ ದೂರು ಕೊಟ್ಟಿದ್ದರು: ಹೊರಗಿನ ವ್ಯಕ್ತಿಯೊಬ್ಬ ಪರೀಕ್ಷೆಯ ಕಂಪ್ಯೂಟರಿನ ಬೀಗ ತೆರೆದು ಬದಲಾವಣೆ ಮಾಡಿದ್ದಾನೆ. ಸಂಸ್ಥೆಯವರು ಹಾನಗಲ್ಲಿನ ತಮ್ಮ ಕಚೇರಿಯಲ್ಲಿ ವಿಚಾರಣೆ ಇಟ್ಟರು. ಪ್ರಶ್ನೆ ಒಂದೇ. ಪಾಸ್‌ವರ್ಡನ್ನು ಮೇಲ್ವಿಚಾರಕರೇ ಹೊಡೆದು ತೆರೆದುಕೊಟ್ಟಿದ್ದರೆ ಅದು ಕೇಂದ್ರದ ವ್ಯವಸ್ಥೆ, ಫಲಿತಾಂಶ ಊರ್ಜಿತ. ನಾನು ಹೊಡೆದಿದ್ದರೆ ಅದು ಅಕ್ರಮ, ಫಲಿತಾಂಶ ರದ್ದು.

ದೂರಿನ ಸುದ್ದಿ ಬಂದಂದಿನಿಂದ ನಾನು ಆ ಗಳಿಗೆಯನ್ನು ಮತ್ತೆ ಮತ್ತೆ ನೆನೆದಿದ್ದೆ. ನನ್ನಂಥವನು ಮಾಡಬಾರದ ಕೆಲಸ ಅದು. ಮೇಲ್ವಿಚಾರಕರು ಮೇಜಿನ ಕೆಳಗಿಟ್ಟಿದ್ದ ತಮ್ಮ ಅಕ್ಷರವಿದ್ದ ಕೀಲಿಮಣೆಯನ್ನು ಎತ್ತಿ, ವಾಯರನ್ನು ಕಂಪ್ಯೂಟರಿನ ಮುಂಭಾಗದ ತೂತಿಗೆ ಸಿಕ್ಕಿಸಿ, ಎರಡು ಬೆರಳಲ್ಲಿ ಹೊಡೆದದ್ದು ಕಾಣುತ್ತಿತ್ತು. ಆದರೆ ಅಷ್ಟೇ ಸ್ಪಷ್ಟವಾಗಿ ಇನ್ನೊಂದೂ ಕಾಣುತ್ತಿತ್ತು. ಲ್ಯಾಬಿನ ಗೋಡೆಗೆ ಪಾಸ್‌ವರ್ಡ್ ಅಂಟಿಸಿದ್ದರು. ನಾನು ಅದನ್ನು ನೋಡಿ, ಆಕೆಯ ಭುಜದ ಮೇಲಿಂದ ಬಾಗಿ, ಅಕ್ಷರವಿಲ್ಲದ ಕೀಲಿಗಳ ಮೇಲೆ ನಾನೇ ಹೊಡೆದೆ. ಅಲ್ಲಿ ನಿಂತಿದ್ದವರಲ್ಲಿ ಹಾಗೆ ನೋಡದೆ ಹೊಡೆಯಬಲ್ಲವರು ಮಾಸ್ತರರು ಮತ್ತು ನಾನು ಮಾತ್ರ. ನೆನೆದಷ್ಟೂ ಎರಡೂ ಗಟ್ಟಿಯಾದವು. ಎರಡರಲ್ಲೂ ಬೆವರಿನ ವಾಸನೆ ಇತ್ತು, ಎರಡರಲ್ಲೂ ಯಾರೋ ನಗುತ್ತಿದ್ದರು.

ಮಾಸ್ತರರೂ ನಾನೂ ಕೂತಿದ್ದ ಹಾನಗಲ್ಲಿನ ಬಸ್ಸಿಗೆ ಆಕೆ ಬಂಕಾಪುರದಲ್ಲಿ ಹತ್ತಿದರು. ನಮ್ಮ ಹಿಂದಿನ ಸೀಟಿನಲ್ಲಿ ಕೂತು ಮುಂದಕ್ಕೆ ಬಾಗಿದರು.

"ಇದರಾಗ ಇಚಾರ ಮಾಡೋದೇನೈತ್ರಿ ಸರ? ನಾ ಅಲ್ಲೇ ಕುಂತಿದ್ನೆಲ್ಲ. ಆ ಸೂಪರ್‌ವೈಸರ್ ತಮ್ಮ ಕೀಬೋರ್ಡ್ ಹಚ್ಚಿದ್ರು, ತಾವ ಹೊಡದ್ರು. ಅದರ ವಾಯರ್ ನನ್ನ ಕೈ ಮ್ಯಾಲ ಹಾದಿತ್ತು. ಸರಸಾಕ ಹ್ವಾದೆ, ಅಷ್ಟರಾಗ ಗಂಟಿ ಹೊಡೀತು."

"ನಿಮಗ ಖಾತ್ರಿ ಐತೇನ್ರಿ ಅಕ್ಕಾರ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು. "ನನ್ನ ನಸೀಬ ಅದ ಮಷೀನಿನಾಗಿತ್ರಿ. ನಾ ಮತ್ತೇನ ನೋಡ್ತಿದ್ದೆ?"

ಮಾಸ್ತರರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದರು: "ಏ ಯೂನಿವರ್ಸಿಟಿ ಸಾಹೇಬ, ಅಲ್ಲಿ ಹೋಗಿ ಪಾಠ ಮಾಡಬ್ಯಾಡ. 'ನಾ ಹೊಡದಿಲ್ಲ' ಅನ್ನು, ಕುಂದ್ರು. ಆತು."

ವಿಚಾರಣೆಗೆ ಮೂವರನ್ನು ಮಾತ್ರ ಒಳಗೆ ಕರೆದರು: ಮೇಲ್ವಿಚಾರಕರು, ಆಕೆ, ನಾನು. ಮಾಸ್ತರರು ಹೊರಗಿನ ಬೆಂಚಿನ ಮೇಲೆ ಉಳಿದರು.

ಮೇಲ್ವಿಚಾರಕರು ಯಾರ ಮುಖವನ್ನೂ ನೋಡದೆ ಹೇಳಿದರು. ತಾನು ಆ ಯಂತ್ರವನ್ನು ಮುಟ್ಟಿಲ್ಲ. ಆಗ ತಾನು ಬೇರೆಯವರ ತೊಂದರೆ ನೋಡುತ್ತಿದ್ದೆ. ಪಾಸ್‌ವರ್ಡ್ ಗೋಡೆಯ ಮೇಲಿತ್ತು, ಯಾರು ಬೇಕಾದರೂ ಹೊಡೆಯಬಹುದಿತ್ತು. ಅವರ ದನಿ ನಡುಗಲಿಲ್ಲ. ಸುಳ್ಳು ಹೇಳುತ್ತಿದ್ದರೋ, ಅಷ್ಟು ದಿನ ಅಂಜಿಕೆಯಲ್ಲಿ ನೆನೆದೂ ನೆನೆದೂ ಹಾಗೇ ನಂಬಿಬಿಟ್ಟಿದ್ದರೋ, ಇಂದಿಗೂ ಹೇಳಲಾರೆ. ಅವರಿಗೂ ಒಂದು ಕುರ್ಚಿಯಿತ್ತು.

ಆಕೆ ಬಸ್ಸಿನಲ್ಲಿ ಹೇಳಿದ್ದನ್ನೇ ಹೇಳಿದರು. ನಡುವೆ ಕೂತ ಅಧಿಕಾರಿ ತಲೆಯಾಡಿಸಿ, "ನೀವು ಹಂಗ ಹೇಳೋದು ಸಹಜರಿ. ಲಾಭ ನಿಮ್ಮದ ಐತಿ" ಎಂದು ನನ್ನ ಕಡೆ ತಿರುಗಿದರು. "ನೀವು ಹೇಳ್ರಿ. ನಿಮಗ ಇದರಾಗ ಲಾಭ ಇಲ್ಲ. ಓದಿದವರು. ಯಾರು ಹೊಡದ್ರು?"

ಪಕ್ಕದಲ್ಲಿ ಆಕೆ ಕೂತಿದ್ದರು. ಎರಡೂ ಕೈ ತೊಡೆಯ ಮೇಲೆ, ಬೆರಳು ಬಾಗಿಸಿ, ಕೀಲಿಮಣೆಯ ನಡುಸಾಲಿನಲ್ಲಿ ಇಟ್ಟಂತೆ.

'ಮೇಲ್ವಿಚಾರಕರು' ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆ ಒಂದು ಪದ ನಾಲಿಗೆಯ ಮೇಲಿತ್ತು. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವವರನ್ನು ಜೀವನವಿಡೀ ಹೀಗಳೆದವನು ನಾನು. "ಅವರೇ ಹೊಡೆದರೆಂದು ನನ್ನ ನೆನಪು," ಎಂದೆ. "ಆದರೆ ನೆನಪನ್ನು ಪ್ರಮಾಣವೆಂದು ಹೇಳಲಾರೆ."

"ಅಂದ್ರ ನೀವ ಹೊಡದಿರಬಹುದು?"

"ಇರಬಹುದು."

ಕ್ಲರ್ಕ್ ಅದನ್ನು ಬರೆದುಕೊಂಡ. ವಿಶ್ವವಿದ್ಯಾಲಯದಲ್ಲಿ ಈ ಪದಕ್ಕೆ ನನಗೆ ಒಳ್ಳೆಯ ಅಂಕಗಳು ಬಂದಿದ್ದವು. ಅಲ್ಲಿ ಯಾರ ಅನ್ನವೂ ಅದರ ಮೇಲೆ ನಿಂತಿರಲಿಲ್ಲ.

ಹೊರಗೆ ಬಂದಾಗ ಆಕೆ ಬೈಯಲಿಲ್ಲ, ಅಳಲಿಲ್ಲ. ಮಾಸ್ತರರ ಬಳಿ ನಿಂತು, "ನಾ ಮುಂದಿನ ಬಸ್ಸಿಗೆ ಹೊಕ್ಕೇನ್ರಿ ಸರ, ಮನ್ಯಾಗ ಕೆಲಸೈತಿ" ಎಂದರು. ನಾವೂ ಅದೇ ಬಸ್ಸಿಗೆ ಹೋಗಬಹುದಿತ್ತು. ಮಾಸ್ತರರು ನನ್ನ ತೋಳು ಹಿಡಿದು ನಿಲ್ಲಿಸಿಕೊಂಡರು. ಕೆಲವು ದಿನಗಳಲ್ಲಿ ಆದೇಶ ಬಂತು: ಫಲಿತಾಂಶ ರದ್ದು. ಪಟ್ಟಿಯಲ್ಲಿ ಆಕೆಯ ನಂತರ ಇದ್ದವರು ಹಿರೇಕೆರೂರಿಗೆ ಹೋದರು.

ಹೊಸ ತಂಡ ಸೇರಿದಾಗ ಅಟ್ಟದಿಂದ ಚೀಲ ಇಳಿಸಿದೆ. ಬೋರಲಿದ್ದ ಕೀಲಿಮಣೆಗಳನ್ನು ಒಂದೊಂದಾಗಿ ತಿರುಗಿಸುತ್ತ ಮೇಜುಗಳಿಗೆ ಹಂಚಿದೆ. ಎಲ್ಲ ಮೇಜು ತುಂಬಿದವು. ಕೈಯಲ್ಲಿ ಇನ್ನೊಂದು ಉಳಿದಿತ್ತು. ತಿರುಗಿಸಿದರೆ ಅದರ ಮೇಲೆ ಅಕ್ಷರಗಳಿದ್ದವು. ಮೂಲೆಯಲ್ಲಿ ಸವಣೂರಿನ ಆ ಲ್ಯಾಬಿನವರು ತಮ್ಮ ಸಾಮಾನಿಗೆಲ್ಲ ಬಳಿಯುವ ಬಿಳಿ ಬಣ್ಣದ ಗುರುತು.

ಮಾಸ್ತರರು ಕನ್ನಡಕ ಏರಿಸಿ ನೋಡಿದರು. "ಹಾಂ, ಇದು ನಾನ ತುಂಬಿದ್ದು. ಆ ತಂಗಿ ಮಷೀನಿಗೆ ಎರಡು ಹಚ್ಚಿದ್ವು. ಗಡಿಬಿಡ್ಯಾಗ ಎರಡೂ ನಮ್ಮವ ಅಂತ ಕಿತ್ತು ಹಾಕೇನಿ."

"ಎರಡು ಹಚ್ಚಿದ್ದವು ಅಂತ ಯಾಕ್ರಿ ಹೇಳಲಿಲ್ಲ?"

"ನನ್ನ ಯಾರು ಕೇಳಿದ್ರೋ? ನಾ ಹೊರಗ ಬೆಂಚಿನ ಮ್ಯಾಲ ಕುಂತಿದ್ದೆ. ನೀನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ನನ್ನೊಬ್ಬನ ತಲೆಯೊಳಗೇ ಇಡೀ ವಿಚಾರಣೆ ನಡೆಸಿಕೊಂಡಿದ್ದೆ.

ಆ ಕೀಲಿಮಣೆಯನ್ನು ಹಿಡಿದುಕೊಂಡು ಹಾನಗಲ್ಲಿಗೆ ಹೋದೆ. ಕ್ಲರ್ಕ್ ಅದೇ ಮನುಷ್ಯ. ಪೂರ್ತಿ ಕೇಳಿಸಿಕೊಂಡ. "ಆರ್ಡರ್ ಹೋಗೇತ್ರಿ. ಅವರ ಬದಲಿಗೆ ಬಂದವರು ಕೆಲಸಕ್ಕ ಹಾಜರೂ ಆಗ್ಯಾರ. ಈಗ ಏನ್ ಮಾಡಾಕ ಬರತೈತಿ?" ಎಂದ. ಆಮೇಲೆ ಕೀಲಿಮಣೆಯನ್ನು ತಿರುಗಿಸಿ ನೋಡಿ, "ಕಾಲೇಜಿನ ಸಾಮಾನು ನಿಮ್ಮ ಹಂತ್ಯಾಕ ಹೆಂಗ ಬಂತ್ರಿ? ಸುಮ್ಮ ತಿರುಗಿ ಕೊಟ್ಟು ಬಿಡ್ರಿ, ಇದರ ಮ್ಯಾಲ ಮತ್ತೊಂದು ಕಂಪ್ಲೇಂಟ್ ಆದೀತು" ಎಂದು ಸಲಹೆ ಕೊಟ್ಟ.

ಬರುವಾಗ ಬಂಕಾಪುರದಲ್ಲಿ ಇಳಿದೆ. ಆಕೆ ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಗಿರಾಕಿಗಳು ಮೊಬೈಲಿಗೆ ಹೇಳಿ ಬರೆಸಿಕೊಂಡು ಬಂದ ಅರ್ಜಿಗಳಲ್ಲಿ ಮೊಬೈಲು ತಪ್ಪಾಗಿ ಕೇಳಿಸಿಕೊಂಡದ್ದನ್ನು ತಿದ್ದುವ ಕೆಲಸ. ನಿಂತೇ ಮಾಡುತ್ತಿದ್ದರು. ಅಂಗಡಿಯ ಕಂಪ್ಯೂಟರಿನಲ್ಲಿ ಇದ್ದದ್ದು ಉಚ್ಚಾರದ ವಿನ್ಯಾಸ ಮಾತ್ರ. ಒಂದೊಂದೇ ಕೀಲಿಯನ್ನು ನೋಡಿ ನೋಡಿ ಒತ್ತುತ್ತಿದ್ದರು.

"ಬರ್ರಿ ಸರ," ಎಂದರು. ಚಹಾ ತರಿಸಲೇ ಎಂದೂ ಕೇಳಿದರು.

ಕೀಲಿಮಣೆಯನ್ನು ಕೌಂಟರಿನ ಮೇಲಿಟ್ಟೆ. ಅದು ಹೇಗೆ ನಮ್ಮ ಚೀಲಕ್ಕೆ ಬಂತೆಂದು ಹೇಳಿದೆ. ಎರಡು ಹಚ್ಚಿದ್ದವೆಂದರೆ ಮೇಲ್ವಿಚಾರಕರು ತಮ್ಮದನ್ನು ತಂದು ಸಿಕ್ಕಿಸಿದ್ದೇ ನಿಜವೆಂದಾಯಿತು, ಹಾಗಾದರೆ ಹೊಡೆದವರೂ ಅವರೇ ಎಂದಾಯಿತು ಎಂದು ಹಂತಹಂತವಾಗಿ ವಿವರಿಸಿದೆ. ಈಗ ನನಗೆ ಸಂಶಯವಿಲ್ಲ ಎಂದೆ. ಆ ಮಾತು ಹೇಳುವಾಗ ನನಗೆ ಒಂದು ಬಗೆಯ ಸಮಾಧಾನವೂ ಆಗುತ್ತಿತ್ತು. ಅದನ್ನು ನೆನೆದರೆ ಈಗ ಹೇಸಿಕೆಯಾಗುತ್ತದೆ.

ಆಕೆ ಕೀಲಿಗಳ ಮೇಲಿನ ಧೂಳನ್ನು ಸೆರಗಿನ ತುದಿಯಿಂದ ಒರೆಸಿದರು.

"ವಾಯರ್ ನನ್ನ ಕೈ ಮ್ಯಾಲ ಹಾದಿತ್ತು ಅಂತ ಹೇಳಿದ್ನೆಲ್ರಿ ಸರ, ಬಸ್ಸಿನಾಗ."

"ಹೇಳಿದ್ರಿ."

"ನಿಮಗ ನೆನಪಿರಲಿಲ್ಲಂದ್ರ ನಂದು ತಗೋಬೇಕಿತ್ತು. ನಾ ಹೇಳಿದ್ದು ನಂಬಲಿಲ್ಲ, ಇದು ಹೇಳಿದ್ದು ನಂಬಿದ್ರಿ."

ಆಧಾರ್ ಕಾರ್ಡಿನ ಪ್ರತಿ ಬೇಕೆಂದು ಗಿರಾಕಿಯೊಬ್ಬರು ಬಂದರು. ಆಕೆ ಕೀಲಿಮಣೆಯನ್ನು ನನ್ನ ಕಡೆ ಸರಿಸಿ, ಕೌಂಟರಿನಲ್ಲಿ ಜಾಗ ಮಾಡಿಕೊಂಡರು.